ದಿವಾನ್ ಬಹಾದ್ದೂರ್ ಅಣ್ಣಾಸಾಹೇಬ ಲಠ್ಠೆಯವರು ಮತ್ತು ಊರ ಆಡಳಿತ

ಬ್ಯಾಡಗಿ ತಾಲೂಕಿನ ಕದರಮಂಡಲಗಿಯು ಕಾಂತೇಶನ ಸನ್ನಿಧಿಯಿಂದ ನಾಡಿಗೆಲ್ಲ ಪರಿಚಿತವಾದ ಗ್ರಾಮ. ಇಂದು ಹಾವೇರಿ ಜಿಲ್ಲೆಯಲ್ಲಿರುವ ಈ ಊರು 1997ಕ್ಕೆ ಮೊದಲು ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಆ ಜಿಲ್ಲೆಯೇ ಮುಂಬಯಿ ಇಲಾಖೆಯ ಭಾಗವಾಗಿತ್ತು. ನಮ್ಮ ಅಜ್ಜಂದಿರು ಕಟ್ಟಿದ ಕಂದಾಯ, ಅವರ ಮಕ್ಕಳು ಕಲಿತ ಶಾಲೆ, ಅವರ ಚಕ್ಕಡಿಗಳು ಸಾಗಿದ ರಸ್ತೆ, ಇವೆಲ್ಲಕ್ಕೂ ಸಂಬಂಧಿಸಿದ ಕಾಯಿದೆಗಳು ದೂರದ ಮುಂಬಯಿಯಲ್ಲಿ ಆಗುತ್ತಿದ್ದವು. ಹಾಗಿದ್ದ ಮುಂಬಯಿ ಸರಕಾರದ ಬೊಕ್ಕಸದ ಹೊಣೆಯನ್ನು 1937ರಿಂದ 1939ರವರೆಗೆ ಹೊತ್ತವರು ಬೆಳಗಾವಿಯಲ್ಲಿ ವಕೀಲಿ ಮಾಡಿದ್ದ ಒಬ್ಬ ಜೈನ ಶ್ರಾವಕರು ಎಂಬುದು ಇಂದಿನ ತರುಣರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಅವರೇ ದಿವಾನ್ ಬಹಾದ್ದೂರ್ ಅಣ್ಣಾ ಬಾಬಾಜಿ ಲಠ್ಠೆಯವರು. ಸಮಾಜವು ಅವರನ್ನು ಅಣ್ಣಾಸಾಹೇಬರೆಂದು ಗೌರವದಿಂದ ಕರೆಯಿತು. ಜಿನಬಿಂಬ ಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ ಅವರ ಜೀವನವನ್ನು, ವಿಶೇಷವಾಗಿ ಊರ ಆಡಳಿತಕ್ಕೆ ಸಂಬಂಧಿಸಿದಂತೆ, ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಅಂದಿನ ಚಾವಡಿ

ಅಣ್ಣಾಸಾಹೇಬರ ಕಾರ್ಯದ ಮಹತ್ವವು ತಿಳಿಯಬೇಕಾದರೆ ಇಪ್ಪತ್ತನೆಯ ಶತಮಾನದ ಆರಂಭದ ಒಂದು ಹಳ್ಳಿಯ ಚಾವಡಿಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಗೌಡರು ಊರ ಶಾಂತಿ ಮತ್ತು ವಸೂಲಿಗೆ ಹೊಣೆ. ಕುಲಕರ್ಣಿಯವರು ಲೆಕ್ಕಪತ್ರಕ್ಕೆ ಹೊಣೆ. ತಳವಾರ, ವಾಲೀಕಾರ ಮುಂತಾದ ಸೇವಕರು ಕರೆದಾಗ ಬಂದು ಹೇಳಿದ ಕೆಲಸ ಮಾಡುವವರು. ಈ ಎಲ್ಲ ಹುದ್ದೆಗಳೂ ವತನಗಳು. ಅಂದರೆ ತಂದೆಯಿಂದ ಮಗನಿಗೆ ಇಳಿದು ಬರುವಂಥವು. ಹೊಲದ ವಿಸ್ತೀರ್ಣ, ಅದರ ಆಕಾರ, ಕಟ್ಟಿದ ಹಣ, ಉಳಿದ ಬಾಕಿ ಎಲ್ಲವೂ ಕುಲಕರ್ಣಿಯವರ ದಫ್ತರದಲ್ಲಿ ಅಡಗಿರುತ್ತಿದ್ದವು. ಅಕ್ಷರ ಬಾರದ ಒಕ್ಕಲಿಗನಿಗೆ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂಬುದನ್ನು ತಿಳಿಯುವ ಉಪಾಯವಿರಲಿಲ್ಲ. ಬರೆದವರು ಓದಿ ಹೇಳಿದ್ದೇ ನಿಜ. ಜಮಾಬಂದಿಯ ದಿನ ಮಾಮಲೇದಾರರ ಮುಂದೆ ನಿಂತು ಹೆಬ್ಬೆಟ್ಟು ಒತ್ತಿ ಬರುವುದಷ್ಟೇ ಅವನ ಪಾಲಿನ ಆಡಳಿತವಾಗಿತ್ತು.

ಕುಲಕರ್ಣಿ ಮನೆತನಗಳಲ್ಲಿ ಸಜ್ಜನರೂ ವಿದ್ಯಾವಂತರೂ ಅನೇಕರಿದ್ದರು. ಕನ್ನಡ ಕಾದಂಬರಿಯನ್ನು ಮನೆಮನೆಗೆ ಮುಟ್ಟಿಸಿದ ಗಳಗನಾಥರು ನಮ್ಮ ಹಾವೇರಿ ಸೀಮೆಯ ಅಂಥ ಒಂದು ಮನೆತನದಲ್ಲಿಯೇ ಜನಿಸಿದವರು. ಆದುದರಿಂದ ಒಬ್ಬಿಬ್ಬ ವ್ಯಕ್ತಿಗಳ ಗುಣದೋಷಗಳನ್ನು ಹಿಡಿದು ಇಲ್ಲಿ ಮಾತನಾಡುತ್ತಿಲ್ಲ. ಒಂದು ಊರಿನ ಬರಹವೆಲ್ಲ ಒಂದೇ ಮನೆಯ ಸ್ವತ್ತಾಗಿ, ಉಳಿದವರೆಲ್ಲ ನಿರಕ್ಷರಿಗಳಾಗಿ ಉಳಿದಾಗ ನ್ಯಾಯವು ಬರೆಯುವವರ ಕರುಣೆಯನ್ನು ಅವಲಂಬಿಸುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಇದರ ಜೊತೆಗೆ ಹೊಸ ಕಾಲದ ಸಂಸ್ಥೆಗಳೂ ತಲೆಯೆತ್ತಿದ್ದವು. 1882ರಲ್ಲಿ ಲಾರ್ಡ್ ರಿಪನ್ನರ ಸರಕಾರ ಸ್ಥಳೀಯ ಸ್ವರಾಜ್ಯದ ನಿರ್ಣಯವನ್ನು ಹೊರಡಿಸಿತು. ಅದನ್ನನುಸರಿಸಿ 1884ರಲ್ಲಿ ಮುಂಬಯಿ ಇಲಾಖೆಯಲ್ಲಿ ಲೋಕಲ್ ಬೋರ್ಡುಗಳ ಕಾಯಿದೆ ಬಂದಿತು. ರೈತನು ಕಟ್ಟುವ ಪ್ರತಿ ರೂಪಾಯಿ ಕಂದಾಯದ ಮೇಲೆ ಒಂದು ಆಣೆಯ ಲೋಕಲ್ ಫಂಡ್ ಸೇರುತ್ತಿತ್ತು. ಆಣೆಗೆ ಹನ್ನೆರಡು ಪೈ. ಅದರ ಮೂರರಲ್ಲಿ ಎರಡು ಪಾಲು, ಅಂದರೆ ಎಂಟು ಪೈ, ರಸ್ತೆ ಮುಂತಾದ ಕಾಮಗಾರಿಗಳಿಗೆ. ಉಳಿದ ನಾಲ್ಕು ಪೈ ಶಾಲೆಗಳಿಗೆ. ಹಳ್ಳಿಯ ಕನ್ನಡ ಶಾಲೆಯ ಮಾಸ್ತರರ ಸಂಬಳ, ಹಲಗೆ, ಚಾಪೆ, ಮಳೆಗಾಲದಲ್ಲಿ ಸೋರುವ ಮಾಳಿಗೆಯ ದುರಸ್ತಿ, ಇವೆಲ್ಲವೂ ಬಹುಮಟ್ಟಿಗೆ ಈ ನಾಲ್ಕು ಪೈಗಳ ಮೇಲೆ ನಿಂತಿದ್ದವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪುರಸಭೆಗಳಿದ್ದವು. ಅಂಥ ಸಣ್ಣ ಪಟ್ಟಣಗಳ ಪುರಸಭೆಯ ದಿನನಿತ್ಯದ ಚಿಂತೆಗಳೂ ಸಣ್ಣವೇ: ನಾಕೆಯಲ್ಲಿ ಜಕಾತಿ ವಸೂಲಿ, ಬೀದಿಯ ಕಂದೀಲುಗಳಿಗೆ ಎಣ್ಣೆ, ಸಂತೆಯ ಜಾಗ, ಕಸ, ಚರಂಡಿ, ಕುಡಿಯುವ ನೀರಿನ ಬಾವಿ. ಪ್ಲೇಗು ಬಂದಾಗ ಮಾತ್ರ ಈ ಸಣ್ಣ ಚಿಂತೆಗಳೇ ಜೀವನ್ಮರಣದ ಪ್ರಶ್ನೆಗಳಾಗುತ್ತಿದ್ದವು. ಜನರು ಮನೆಮಾರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು.

ಈ ಬೋರ್ಡುಗಳಲ್ಲಿ ಕುಳಿತು ನಿರ್ಣಯ ಮಾಡುವವರು ಯಾರು? ಜಿಲ್ಲಾ ಬೋರ್ಡಿಗೆ ಬಹುಕಾಲ ಕಲೆಕ್ಟರರೇ ಅಧ್ಯಕ್ಷರು. ಸದಸ್ಯರಲ್ಲಿ ಹಲವರು ಸರಕಾರದಿಂದ ನಾಮಕರಣಗೊಂಡವರು. ಮತದ ಹಕ್ಕು ಆಸ್ತಿ ಮತ್ತು ವಿದ್ಯೆ ಇದ್ದ ಕೆಲವರದು. ಆಣೆ ಕೊಡುವವನು ಒಕ್ಕಲಿಗ. ಆಣೆಯ ಲೆಕ್ಕ ಕೇಳುವವರು ಬೇರೆ. ದಫ್ತರ ಓದಬಲ್ಲ ವಿದ್ಯೆ, ಬೋರ್ಡಿನಲ್ಲಿ ಕುಳಿತುಕೊಳ್ಳುವ ಅಧಿಕಾರ, ಖರ್ಚು ಮಾಡಲು ಹಣ, ಈ ಮೂರೂ ಕೂಡಿ ಬರದೆ ಊರ ಆಡಳಿತ ಊರವರದಾಗಲಾರದು. ಅಣ್ಣಾಸಾಹೇಬರ ಜೀವನವು ಒಂದಾದ ಮೇಲೊಂದರಂತೆ ಈ ಮೂರರ ಸೇವೆಯಲ್ಲಿ ಕಳೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಅಣ್ಣಾಸಾಹೇಬರು 1878ರಲ್ಲಿ ಕುರುಂದವಾಡದಲ್ಲಿ ಜನಿಸಿದರು. ಪಂಚಗಂಗಾ ನದಿಯ ನೆರೆಯ ಈ ಪಟ್ಟಣ ಆಗ ಪಟವರ್ಧನ ಮನೆತನದ ಒಂದು ಚಿಕ್ಕ ಸಂಸ್ಥಾನದ ರಾಜಧಾನಿ. ಕೃಷ್ಣಾ-ಪಂಚಗಂಗೆಯರ ಈ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ಅಕ್ಕತಂಗಿಯರಂತೆ ಬಳಕೆಯಲ್ಲಿವೆ. ಇಲ್ಲಿಯ ಜೈನರಲ್ಲಿ ಬಹುಮಂದಿ ನೇಗಿಲು ಹಿಡಿದ ಒಕ್ಕಲಿಗರು. ಬಸದಿಗೆ ಹೋಗಿ ದರ್ಶನ ಮಾಡಿ ಹೊಲಕ್ಕೆ ನಡೆಯುವ ಸರಳ ಜೀವಿಗಳು. ಶಾಲೆಯ ಮುಖ ಕಂಡವರು ಆಗ ವಿರಳ. ಅಂಥ ಪರಿಸರದಿಂದ ಬಂದ ಬಾಲಕನು ಕೊಲ್ಲಾಪುರದಲ್ಲಿ ಕಲಿತು, ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ, ಎಂ.ಎ. ಮತ್ತು ಎಲ್‌ಎಲ್.ಬಿ. ಪದವಿಗಳನ್ನು ಪಡೆದುದು ಸಮಾಜಕ್ಕೇ ಒಂದು ಹೊಸ ಸಂಗತಿಯಾಗಿತ್ತು.

ಪದವಿ ದೊರೆತವರಿಗೆ ಸರಕಾರಿ ಚಾಕರಿಯ ಸುಖದ ದಾರಿ ತೆರೆದಿದ್ದ ಕಾಲವದು. ತರುಣ ಲಠ್ಠೆಯವರ ಮನಸ್ಸು ಮಾತ್ರ ವಿದ್ಯಾರ್ಥಿದೆಸೆಯಲ್ಲಿಯೇ ಸಮಾಜದ ಕಡೆಗೆ ತಿರುಗಿತ್ತು. ಅವರು ಬರೆದ ಜೈನ ಧರ್ಮದ ಪರಿಚಯಗ್ರಂಥವು 1905ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಜೈನ ಧರ್ಮದ ಬಗ್ಗೆ ಹೊರಗಿನವರಿಗೆ ತಪ್ಪು ತಿಳಿವಳಿಕೆಗಳಿದ್ದ ಆ ದಿನಗಳಲ್ಲಿ ದಕ್ಷಿಣದ ಒಬ್ಬ ಶ್ರಾವಕರು ಇಂಗ್ಲಿಷಿನಲ್ಲಿ ಧರ್ಮದ ತತ್ವಗಳನ್ನು ವಿವರಿಸಿದುದು ಗಮನಾರ್ಹವಾದ ಕಾರ್ಯ.

ಸ್ತವನಿಧಿಯ ಸಂಕಲ್ಪ

ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರವು ನಮ್ಮ ಸಮಾಜಕ್ಕೆ ಚಿರಪರಿಚಿತವಾದುದು. ಅಲ್ಲಿ 1899ರ ಏಪ್ರಿಲ್ ತಿಂಗಳಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಸ್ಥಾಪನೆಯಾಯಿತು. ಹೆಸರಿನಲ್ಲಿ ಮಹಾರಾಷ್ಟ್ರವಿದ್ದರೂ ಅದರ ಕಾರ್ಯಕ್ಷೇತ್ರವು ಬೆಳಗಾವಿ, ಧಾರವಾಡ ಜಿಲ್ಲೆಗಳನ್ನೂ ಒಳಗೊಂಡಿತ್ತು. ಅಣ್ಣಾಸಾಹೇಬರು ಅದರ ಆರಂಭದ ಕಾರ್ಯಕರ್ತರಲ್ಲಿ ಪ್ರಮುಖರು. ಸಭೆಯು ಮೊದಲು ಕೈಗೊಂಡ ಕೆಲಸ ವಿದ್ಯಾಪ್ರಸಾರ. ಹಳ್ಳಿಯ ಹುಡುಗನಿಗೆ ಹೈಸ್ಕೂಲು ಇರುವ ಊರಿನಲ್ಲಿ ಉಳಿಯಲು ಸ್ಥಳವಿರಲಿಲ್ಲ, ಊಟದ ವ್ಯವಸ್ಥೆಯಿರಲಿಲ್ಲ. ಆದುದರಿಂದ ಬೋರ್ಡಿಂಗುಗಳ ಕಲ್ಪನೆ ಹುಟ್ಟಿತು. ಕೊಲ್ಲಾಪುರದ ಬೋರ್ಡಿಂಗಿಗೆ ಛತ್ರಪತಿ ಶಾಹೂ ಮಹಾರಾಜರ ಬೆಂಬಲ ದೊರೆಯಿತು. ಮುಂದೆ ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೂ ಜೈನ ಬೋರ್ಡಿಂಗುಗಳು ನಡೆದು ನೂರಾರು ಒಕ್ಕಲಿಗ ಮನೆತನಗಳ ಮಕ್ಕಳಿಗೆ ಆಶ್ರಯವಾದವು. ನಮ್ಮ ಭಾಗದ ಹಿರಿಯರಲ್ಲಿ ಅಂಥ ಬೋರ್ಡಿಂಗಿನ ಅನ್ನ ಉಂಡು ಕಲಿತು ಶಿಕ್ಷಕರೂ ವಕೀಲರೂ ಆದವರ ನೆನಪು ಅನೇಕ ಮನೆಗಳಲ್ಲಿ ಉಳಿದಿದೆ.

ನಮ್ಮ ಆಚಾರ್ಯರು ಆಹಾರ, ಔಷಧ, ಅಭಯ, ಶಾಸ್ತ್ರಗಳೆಂದು ನಾಲ್ಕು ದಾನಗಳನ್ನು ಹೇಳಿದ್ದಾರೆ. ಬೋರ್ಡಿಂಗು ಎಂದರೆ ಆಹಾರದಾನ ಮತ್ತು ಶಾಸ್ತ್ರದಾನಗಳ ಸಂಗಮವೇ ಸರಿ. ಊರ ಆಡಳಿತದ ದೃಷ್ಟಿಯಿಂದ ನೋಡಿದರೂ ಅದರ ಫಲ ದೊಡ್ಡದು. ದಫ್ತರವನ್ನು ತಾನೇ ಓದಬಲ್ಲ ಒಕ್ಕಲಿಗನ ಮಗನು ಅಲ್ಲಿಂದಲೇ ಹೊರಬಂದನು.

ಕೊಲ್ಲಾಪುರದ ದಿನಗಳು

ಅಣ್ಣಾಸಾಹೇಬರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಆ ಬಳಿಕ ಸಂಸ್ಥಾನದ ವಿದ್ಯಾಧಿಕಾರಿಗಳಾಗಿ 1914ರವರೆಗೆ ಸೇವೆ ಸಲ್ಲಿಸಿದರು. ಅದು ಶಾಹೂ ಮಹಾರಾಜರ ಆಳಿಕೆಯ ಕಾಲ. 1894ರಲ್ಲಿ ಅಧಿಕಾರ ವಹಿಸಿಕೊಂಡ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ಚಾಕರಿಗಳಲ್ಲಿ ತೆರವಾಗುವ ಸ್ಥಾನಗಳ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಡುವ ಆಜ್ಞೆ ಹೊರಡಿಸಿದ್ದರು. ಅಂಥ ಆಜ್ಞೆ ಸಫಲವಾಗಬೇಕಾದರೆ ಆ ಸ್ಥಾನಗಳಿಗೆ ತಕ್ಕಂತೆ ಕಲಿತವರು ಬೇಕು. ಕಲಿಸುವ ಶಾಲೆಗಳು ಬೇಕು. ಶಾಲೆಗಳ ತನಿಖೆ, ಮಾಸ್ತರರ ನೇಮಕ, ಹಾಜರಿ ಪುಸ್ತಕ, ಪರೀಕ್ಷೆ, ಇಂಥ ಕಣ್ಣಿಗೆ ಕಾಣದ ನಿತ್ಯದ ಕೆಲಸಗಳಲ್ಲಿ ಅಣ್ಣಾಸಾಹೇಬರು ಆ ವರ್ಷಗಳನ್ನು ಕಳೆದರು.

ಮಹನೀಯರ ಚರಿತ್ರೆಯನ್ನು ಬರೆಯುವಾಗ ಬೆಳಕಿನ ಭಾಗವನ್ನಷ್ಟೇ ತೋರಿಸುವುದು ಧರ್ಮವಲ್ಲ. ಅಣ್ಣಾಸಾಹೇಬರ ಮೇಲ್ವಿಚಾರಣೆಯ ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿ ಕುಂಭೋಜದ ಭಾವೂರಾವ್ ಪಾಟೀಲ ಎಂಬ ವಿದ್ಯಾರ್ಥಿ ಇದ್ದನು. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಉದ್ಘಾಟನೆಗೆ ಹೋಗಿ ಬಂದ ಅವನಿಗೆ ಸ್ನಾನ ಮಾಡಿ ಒಳಗೆ ಬರಬೇಕೆಂದು ಹೇಳಲಾಯಿತು. ಅವನು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು. ವಿದ್ಯೆಯ ಬಾಗಿಲನ್ನು ಒಕ್ಕಲಿಗರಿಗೆ ತೆರೆದ ಸಂಸ್ಥೆಯೇ ಆ ದಿನ ಬೇರೊಂದು ಬಾಗಿಲನ್ನು ಮುಚ್ಚಿತ್ತು. ಹಿರಿಯರ ಆ ಕಾಲದ ಮಿತಿಯೆಂದು ಇದನ್ನು ನಾವು ಒಪ್ಪಿಕೊಳ್ಳಬೇಕು, ಮುಚ್ಚಿಡಬಾರದು.

ಆ ಬಳಿಕ ನಡೆದುದು ಇನ್ನೂ ವಿಚಿತ್ರ. 1914ರಲ್ಲಿ ಕೊಲ್ಲಾಪುರದಲ್ಲಿ ಬ್ರಿಟಿಷ್ ರಾಜಮನೆತನದವರ ಪ್ರತಿಮೆಗಳಿಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದಲ್ಲಿ ದೊಡ್ಡ ಗೊಂದಲವೆದ್ದಿತು. ಸಂಶಯದ ನೆರಳು ಅಣ್ಣಾಸಾಹೇಬರ ಮೇಲೂ ಬಿದ್ದಿತು. ಅವರ ವಿರುದ್ಧ ಸಾಕ್ಷಿ ನುಡಿಯಬೇಕೆಂದು ಅದೇ ಭಾವೂರಾವ್ ಪಾಟೀಲರ ಮೇಲೆ ಒತ್ತಾಯ ನಡೆಯಿತು. ತಮ್ಮನ್ನು ಹೊರಹಾಕಿದ ಬೋರ್ಡಿಂಗಿನ ಮುಖ್ಯಸ್ಥರ ಮೇಲೆ ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಸಂದರ್ಭವಿರಲಿಲ್ಲ. ಭಾವೂರಾವರು ಸುಳ್ಳು ಸಾಕ್ಷಿ ಹೇಳಲು ನಿರಾಕರಿಸಿದರು, ಸೆರೆವಾಸ ಅನುಭವಿಸಿದರು, ಯಾತನೆ ತಾಳಲಾರದೆ ಪ್ರಾಣತ್ಯಾಗಕ್ಕೂ ಮುಂದಾದರು, ಆದರೂ ಸತ್ಯವನ್ನು ಬಿಡಲಿಲ್ಲ. ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಕಲಿಸಿದ ಕರ್ಮವೀರ ಭಾವೂರಾವ್ ಪಾಟೀಲರು ಇವರೇ. ಸತ್ಯಾಣುವ್ರತವೆಂದರೆ ಏನೆಂಬುದಕ್ಕೆ ಪುರಾಣಗಳಿಂದಲೇ ಉದಾಹರಣೆ ತೆಗೆಯಬೇಕಾಗಿಲ್ಲ.

ಬೆಳಗಾವಿಯ ವಕೀಲರು

ಕೊಲ್ಲಾಪುರವನ್ನು ಬಿಟ್ಟ ಅಣ್ಣಾಸಾಹೇಬರು ಬೆಳಗಾವಿಗೆ ಬಂದು ವಕೀಲಿ ಆರಂಭಿಸಿದರು. ಅಂದಿನ ಜಿಲ್ಲಾ ಸ್ಥಳದ ವಕೀಲರ ಬಳಿಗೆ ಬರುವ ಕಾಗದಗಳೆಂದರೆ ಹೆಚ್ಚಾಗಿ ಹಳ್ಳಿಯ ದಫ್ತರದಿಂದ ಹುಟ್ಟಿದವೇ: ಖಾತೆಯ ವಾದ, ವತನದ ವಾದ, ಸಾಲದ ಪತ್ರ, ಗಡಿಯ ಕಲ್ಲು. ಅಕ್ಷರ ಬಾರದವನಿಗೆ ಬರಹದಿಂದ ಆಗುವ ಹಾನಿಯನ್ನು ನೋಡಲು ನ್ಯಾಯಾಲಯಕ್ಕಿಂತ ಬೇರೆ ಸ್ಥಳ ಬೇಕಾಗಿಲ್ಲ.

ಇದೇ ಕಾಲದಲ್ಲಿ ಬ್ರಾಹ್ಮಣೇತರ ಚಳವಳಿಯು ಮುಂಬಯಿ ಇಲಾಖೆಯ ದಕ್ಷಿಣ ಜಿಲ್ಲೆಗಳಲ್ಲಿ ಬಲಗೊಂಡಿತು. ಮರಾಠರು, ಲಿಂಗಾಯತರು, ಜೈನರು ಮುಂತಾದ ಒಕ್ಕಲುತನದ ಸಮಾಜಗಳು ತಮಗೆ ಶಾಸನಸಭೆಯಲ್ಲಿಯೂ ಸ್ಥಳೀಯ ಬೋರ್ಡುಗಳಲ್ಲಿಯೂ ತಕ್ಕ ಸ್ಥಾನ ದೊರೆಯಬೇಕೆಂದು ಕೇಳತೊಡಗಿದವು. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಕರ್ನಾಟಕ ಭಾಗದಲ್ಲಿ ಈ ಬೇಡಿಕೆಗೆ ದನಿಯಾದರೆ, ಅಣ್ಣಾಸಾಹೇಬರು ಎರಡೂ ಭಾಷೆಗಳ ಜನರ ನಡುವೆ ಸೇತುವಾದರು. 1919ರ ಸುಧಾರಣೆಗಳಲ್ಲಿ ಮುಂಬಯಿ ಶಾಸನಸಭೆಯ ಏಳು ಸ್ಥಾನಗಳನ್ನು ಮರಾಠ ಮತ್ತು ಸಂಬಂಧಿತ ಜಾತಿಗಳಿಗೆ ಮೀಸಲಿಡಲಾಯಿತು. 1921ರಿಂದ 1923ರವರೆಗೆ ಅಣ್ಣಾಸಾಹೇಬರು ದಿಲ್ಲಿಯ ಕೇಂದ್ರ ಶಾಸನಸಭೆಯ ಸದಸ್ಯರಾಗಿದ್ದರು.

ಅವೇ ವರ್ಷಗಳಲ್ಲಿ ಮುಂಬಯಿ ಇಲಾಖೆಯ ಊರ ಆಡಳಿತದ ರೂಪವೇ ಬದಲಾಗತೊಡಗಿತು. 1920ರಲ್ಲಿ ಗ್ರಾಮಪಂಚಾಯತಿ ಕಾಯಿದೆ ಬಂದಿತು. ಊರಿನ ಪ್ರಾಯಸ್ಥ ಗಂಡಸರು ಪಂಚರನ್ನು ಚುನಾಯಿಸುವ ಅವಕಾಶ ಅದರಲ್ಲಿತ್ತು. 1921ರಿಂದ ಸ್ಥಳೀಯ ಸ್ವರಾಜ್ಯ ಮತ್ತು ಶಿಕ್ಷಣ ಖಾತೆಗಳು ಭಾರತೀಯ ಮಂತ್ರಿಗಳ ಕೈಗೆ ಬಂದವು. 1923ರಲ್ಲಿ ಲೋಕಲ್ ಬೋರ್ಡುಗಳ ಹೊಸ ಕಾಯಿದೆಯೂ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಜಾರಿಗೆ ಬಂದು ಹಳ್ಳಿಯ ಶಾಲೆಗಳ ಆಡಳಿತ ಜಿಲ್ಲಾ ಬೋರ್ಡುಗಳ ಪಾಲಿಗೆ ಬಂದಿತು. ಕಾಗದದ ಮೇಲೆ ಇವೆಲ್ಲ ಸುಂದರ. ನಡೆಯುವಾಗ ಮಾತ್ರ ತೊಡಕು ಕಂಡಿತು. ಪಂಚಾಯತಿ ಬೇಕೆಂದರೆ ಮನೆಪಟ್ಟಿ ಹಾಕಬೇಕು. ಪಟ್ಟಿ ಎಂದರೆ ಊರು ಹಿಂದೆ ಸರಿಯುತ್ತದೆ. ಶಾಲೆ ಬೇಕು, ಹಣವಿಲ್ಲ. ಅಧಿಕಾರ ಬಂದಿತು, ಬೊಕ್ಕಸ ಬರಿದಾಗಿತ್ತು. ಈ ತೊಡಕನ್ನು ಅಣ್ಣಾಸಾಹೇಬರು ಮುಂದೆ ಮಂತ್ರಿಯಾಗಿ ಎದುರಿಸಬೇಕಾಯಿತು.

ಮಹಾರಾಜರ ಚರಿತ್ರೆ

ಶಾಹೂ ಮಹಾರಾಜರು ತಮ್ಮ ಕೊನೆಯ ವರ್ಷಗಳಲ್ಲಿ ಊರ ಆಡಳಿತದ ಬುಡಕ್ಕೇ ಕೈಹಾಕಿದ್ದರು. 1917ರಲ್ಲಿ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. 1918ರಲ್ಲಿ ಕುಲಕರ್ಣಿ ವತನಗಳನ್ನು ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಿದರು. ಮಹಾರ ವತನವನ್ನು ರದ್ದು ಮಾಡಿ, ಅದಕ್ಕೆ ಅಂಟಿಕೊಂಡಿದ್ದ ಬಿಟ್ಟಿ ಚಾಕರಿಗೆ ಕೊನೆ ಹಾಡಲು ಯತ್ನಿಸಿದರು. ಊರ ದಫ್ತರವನ್ನು ಬರೆಯುವ ಅಧಿಕಾರ ಹುಟ್ಟಿನಿಂದ ಬರಬಾರದು, ಅರ್ಹತೆಯಿಂದ ಬರಬೇಕು ಎಂಬುದು ಇದರ ತಿರುಳು. ಅಂದು ಆ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗ ಮುಂತಾದ ಕನ್ನಡದ ಹಳ್ಳಿಗಳಿಗೂ ಈ ಆಜ್ಞೆಗಳು ಅನ್ವಯವಾಗಿದ್ದವು. 1920ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಡೆದ ಪ್ರಸಿದ್ಧ ಮಾಣಗಾಂವ ಪರಿಷತ್ತಿಗೆ ಆ ಊರಿನ ಜೈನ ಪಾಟೀಲರೇ ಆಶ್ರಯವಿತ್ತರು ಎಂಬುದನ್ನು ನಮ್ಮ ಸಮಾಜ ಅಭಿಮಾನದಿಂದ ನೆನೆಯಬೇಕು.

1922ರ ಮೇ 6ರಂದು ಮಹಾರಾಜರು ದಿವಂಗತರಾದರು. ಎರಡೇ ವರ್ಷಗಳಲ್ಲಿ, 1924ರಲ್ಲಿ, ಅವರ ವಿಸ್ತಾರವಾದ ಜೀವನಚರಿತ್ರೆ ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಬರೆದವರು ಅಣ್ಣಾಸಾಹೇಬ ಲಠ್ಠೆಯವರು. ಹತ್ತು ವರ್ಷಗಳ ಹಿಂದೆ ಯಾವ ಸಂಸ್ಥಾನದಲ್ಲಿ ತಮ್ಮ ಮೇಲೆ ಸಂಶಯದ ಕತ್ತಿ ತೂಗಿತ್ತೋ, ಯಾವ ಊರನ್ನು ಬಿಟ್ಟು ಅವರು ಹೊರಡಬೇಕಾಗಿತ್ತೋ, ಅದರ ಒಡೆಯರ ಕಾರ್ಯವನ್ನು ಅವರೇ ಲೋಕಕ್ಕೆ ನಿರೂಪಿಸಿದರು. ಶಾಹೂ ಮಹಾರಾಜರ ಬಗ್ಗೆ ಬರೆದ ಮುಂದಿನವರೆಲ್ಲ ಆ ಗ್ರಂಥದ ಋಣಿಗಳು. ಪರ್ಯುಷಣದ ಕೊನೆಗೆ ನಾವು ಕ್ಷಮೆ ಯಾಚಿಸಿ, ಕ್ಷಮೆ ನೀಡುತ್ತೇವೆ. ಸಾರ್ವಜನಿಕ ಜೀವನದಲ್ಲಿ ಆ ವ್ರತವನ್ನು ಪಾಲಿಸುವುದು ಹೇಗೆಂಬುದಕ್ಕೆ ಈ ಎರಡು ಸಂಪುಟಗಳೇ ದೃಷ್ಟಾಂತ.

ದಿವಾನಗಿರಿ

ಶಾಹೂ 이후 ಪಟ್ಟಕ್ಕೆ ಬಂದ ರಾಜಾರಾಮ ಮಹಾರಾಜರ ಆಳಿಕೆಯಲ್ಲಿ ಅಣ್ಣಾಸಾಹೇಬರಿಗೆ ಕೊಲ್ಲಾಪುರದಿಂದ ಮತ್ತೆ ಕರೆ ಬಂದಿತು. ಈ ಬಾರಿ ಸಂಸ್ಥಾನದ ದಿವಾನರಾಗಿ. 1920ರ ದಶಕದ ನಡುವಿನಿಂದ 1930ರ ದಶಕದ ಆರಂಭದವರೆಗೆ ಅವರು ಆ ಹೊಣೆ ಹೊತ್ತರು. ದಿವಾನರ ಕೆಲಸವೆಂದರೆ ದರಬಾರಿನ ವೈಭವವೆಂದು ಹಲವರ ಕಲ್ಪನೆ. ನಿಜವಾಗಿ ಅದು ಮಾಮಲೇದಾರರ ವರದಿಗಳನ್ನು ಓದುವ, ಮಳೆ ಬಾರದ ಪೇಟೆಗೆ ಸೂಟಿ ಕೊಡಬೇಕೋ ಬೇಡವೋ ಎಂದು ತೂಗುವ, ಶಾಲೆ ದವಾಖಾನೆಗಳಿಗೆ ಹಣ ಹೊಂದಿಸುವ, ಅರ್ಜಿ ಹಿಡಿದು ಬಂದ ರೈತನ ಮಾತು ಕೇಳುವ ಪರಿಶ್ರಮದ ಕೆಲಸ. ಆಜ್ಞೆ ಹೊರಡಿಸುವುದು ಒಂದು ದಿನದ ಕಾರ್ಯ. ಅದನ್ನು ಪ್ರತಿ ಚಾವಡಿಯಲ್ಲಿಯೂ ನಡೆಸುವುದು ಹಲವು ವರ್ಷಗಳ ಕಾರ್ಯ. ಹಿಂದಿನ ಮಹಾರಾಜರ ಆಜ್ಞೆಗಳನ್ನು ಗ್ರಂಥದಲ್ಲಿ ನಿರೂಪಿಸಿದ ಕೈಗೆ ಅದೇ ಸಂಸ್ಥಾನದ ಆಡಳಿತ ನಡೆಸುವ ಹೊಣೆ ಬಂದುದು ವಿಧಿಯ ಒಂದು ಸುಂದರ ಯೋಜನೆ.

ಮುಂಬಯಿಯ ಅರ್ಥಮಂತ್ರಿಗಳು

1930ರ ದಶಕದಲ್ಲಿ ಬ್ರಾಹ್ಮಣೇತರ ಪಕ್ಷದ ಅನೇಕ ಮುಂದಾಳುಗಳು ಕಾಂಗ್ರೆಸ್ಸಿಗೆ ಬಂದರು. ಅಣ್ಣಾಸಾಹೇಬರೂ ಬಂದರು. 1937ರಲ್ಲಿ ಪ್ರಾಂತಗಳಿಗೆ ಸ್ವಾಯತ್ತತೆ ದೊರೆತು ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ರಚನೆಯಾದಾಗ ಅರ್ಥಖಾತೆಯು ಅಣ್ಣಾಸಾಹೇಬರಿಗೆ ದೊರೆಯಿತು. ಕನ್ಹಯ್ಯಾಲಾಲ ಮುನ್ಶಿ, ಮೊರಾರ್ಜಿ ದೇಸಾಯಿ, ಡಾ. ಗಿಲ್ಡರ್ ಮೊದಲಾದವರು ಆ ಮಂಡಲದಲ್ಲಿ ಅವರ ಸಹೋದ್ಯೋಗಿಗಳು.

ಆ ಮಂತ್ರಿಮಂಡಲ ಆಳಿದ್ದು ಎರಡು ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಕಾಲ. ಅಷ್ಟರಲ್ಲಿ ಊರ ಆಡಳಿತಕ್ಕೆ ಸಂಬಂಧಿಸಿ ಮಹತ್ವದ ಹೆಜ್ಜೆಗಳಾದವು. ಸ್ಥಳೀಯ ಸಂಸ್ಥೆಗಳಲ್ಲಿ ಸರಕಾರವು ಸದಸ್ಯರನ್ನು ನಾಮಕರಣ ಮಾಡುವ ಹಳೆಯ ಪದ್ಧತಿಯನ್ನು ತೆಗೆಯಲಾಯಿತು. 1939ರಲ್ಲಿ ಗ್ರಾಮಪಂಚಾಯತಿ ಕಾಯಿದೆಗೆ ತಿದ್ದುಪಡಿ ತಂದು ದೊಡ್ಡ ಗ್ರಾಮಗಳಲ್ಲಿ ಪಂಚಾಯತಿಗಳ ಸ್ಥಾಪನೆಗೆ ಒತ್ತು ಕೊಡಲಾಯಿತು. ಅದೇ ವರ್ಷ ರೈತರ ಸಾಲ ಪರಿಹಾರದ ಕಾಯಿದೆಯೂ ಗೇಣಿದಾರರ ರಕ್ಷಣೆಯ ಕಾಯಿದೆಯೂ ಆದವು. ಶಾಲೆಯಿಲ್ಲದ ಹಳ್ಳಿಗಳಲ್ಲಿ ಸ್ವಯಂಸೇವಾ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯತೊಡಗಿತು. ಒಮ್ಮೆ ಕೊಲ್ಲಾಪುರದ ಬೋರ್ಡಿಂಗಿನಿಂದ ಹೊರಬಿದ್ದ ಭಾವೂರಾವರ ರಯತ ಶಿಕ್ಷಣ ಸಂಸ್ಥೆಯು ಸಾತಾರಾ ಜಿಲ್ಲೆಯಲ್ಲಿ ಇಂಥ ಶಾಲೆಗಳನ್ನು ದೊಡ್ಡ ಸಂಖ್ಯೆಯಲ್ಲಿ ನಡೆಸಿತು. ಆ ಯೋಜನೆಗೆ ಹಣ ಒದಗಿಸಿದ ಸರಕಾರದ ಅರ್ಥಮಂತ್ರಿಗಳು ಅಣ್ಣಾಸಾಹೇಬರಾಗಿದ್ದರು. ಮುಚ್ಚಿದ ಬಾಗಿಲೊಂದು ಮೂವತ್ತು ವರ್ಷಗಳ ಬಳಿಕ ಸಾವಿರಾರು ಮಕ್ಕಳಿಗಾಗಿ ತೆರೆದಂತಾಯಿತು.

ಅರ್ಥಮಂತ್ರಿಗೆ ಎದುರಾದ ಅತಿ ಕಠಿಣ ಪರೀಕ್ಷೆ ಪಾನನಿಷೇಧದ್ದು. ಸರಕಾರದ ಆದಾಯದಲ್ಲಿ ಅಬಕಾರಿಯ ಪಾಲು ಬಹು ದೊಡ್ಡದಾಗಿತ್ತು. ಹೆಂಡದಿಂದ ಬಂದ ಹಣದಲ್ಲಿ ಶಾಲೆ ನಡೆಯುತ್ತಿತ್ತು ಎಂದರೆ ತಪ್ಪಾಗದು. ತಂದೆ ಕುಡಿದರೆ ಮಗನಿಗೆ ಪಾಠ ಎಂಬಂಥ ಈ ವ್ಯವಸ್ಥೆಯನ್ನು ನಿಲ್ಲಿಸಲು ಮಂತ್ರಿಮಂಡಲ ನಿಶ್ಚಯಿಸಿತು. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿಷೇಧ ಜಾರಿಗೆ ಬಂದಿತು. ಕಳೆದುಹೋದ ಆದಾಯವನ್ನು ತುಂಬಲು ಅಣ್ಣಾಸಾಹೇಬರು ನಗರದ ಸ್ಥಿರಾಸ್ತಿಯ ಮೇಲೆ ನೂರಕ್ಕೆ ಹತ್ತರ ತೆರಿಗೆಯನ್ನು ತಂದರು. ಮನೆಮಾಲಿಕರೂ ಶ್ರೀಮಂತ ವರ್ತಕರೂ ಪ್ರಬಲವಾಗಿ ಪ್ರತಿಭಟಿಸಿದರು. ವ್ಯಾಪಾರಸ್ಥರಲ್ಲಿ ನಮ್ಮ ಧರ್ಮೀಯರೂ ಬಹಳ ಮಂದಿ ಇರುವ ನಗರವದು. ಆದರೂ ಹಳ್ಳಿಯ ಬಡವನ ಚಟದಿಂದ ಬೊಕ್ಕಸ ತುಂಬುವುದಕ್ಕಿಂತ ಪಟ್ಟಣದ ಉಳ್ಳವರಿಂದ ತೆರಿಗೆ ಕೇಳುವುದು ಮೇಲೆಂಬ ನಿಲುವು ಆ ಮುಂಗಡಪತ್ರದಲ್ಲಿತ್ತು. ಮದ್ಯತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಒಂದೆಂದು ಎಣಿಸುವ ಪರಂಪರೆಯಲ್ಲಿ ಬೆಳೆದವರ ಕೈಯಿಂದ ಈ ಕಾರ್ಯ ನಡೆದುದು ಸಹಜವಾಗಿಯೇ ಇದೆ.

ಎರಡನೆಯ ಮಹಾಯುದ್ಧದಲ್ಲಿ ಭಾರತವನ್ನು ಜನರ ಒಪ್ಪಿಗೆಯಿಲ್ಲದೆ ಸೇರಿಸಿದುದನ್ನು ಪ್ರತಿಭಟಿಸಿ 1939ರ ನವೆಂಬರದಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅಣ್ಣಾಸಾಹೇಬರ ಮಂತ್ರಿಪದವಿ ಅಲ್ಲಿಗೆ ಮುಗಿಯಿತು. ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡು, ಸಂವಿಧಾನ ಜಾರಿಗೆ ಬಂದ 1950ನೆಯ ಇಸವಿಯಲ್ಲಿ ಅವರು ದೇಹವನ್ನು ಬಿಟ್ಟರು. ಅದೇ 1950ರಲ್ಲಿ ಮುಂಬಯಿ ರಾಜ್ಯದಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಗೊಳಿಸುವ ಕಾಯಿದೆಯಾಯಿತು. ಕೊಲ್ಲಾಪುರದಲ್ಲಿ 1918ರಲ್ಲಿ ಆದುದು ನಮ್ಮ ಧಾರವಾಡ ಜಿಲ್ಲೆಯ ಚಾವಡಿಗಳಿಗೂ ಕಾಯಿದೆಯಾಗಿ ಬಂದಿತು. ಉಳಿದ ಗ್ರಾಮ ವತನಗಳು ಕರ್ನಾಟಕದಲ್ಲಿ 1961ರ ಕಾಯಿದೆಯಿಂದ ಕೊನೆಗೊಂಡವು.

ನಮ್ಮ ಕರ್ತವ್ಯ

ಅಣ್ಣಾಸಾಹೇಬರ ಹೆಸರಿನಲ್ಲಿ ಸಾಂಗಲಿಯಲ್ಲಿ ವಿದ್ಯಾಸಂಸ್ಥೆಯಿದೆ. ಅವರು ಬೆಳೆಸಿದ ಸಭೆಯು ಶತಮಾನವನ್ನು ದಾಟಿದೆ. ಆದರೂ ಅವರ ನಿಜವಾದ ಸ್ಮಾರಕವನ್ನು ನಾವು ಬೇರೊಂದು ಕಡೆ ನೋಡಬಹುದು. ಇಂದು ಕದರಮಂಡಲಗಿಯಂಥ ಗ್ರಾಮದಲ್ಲಿ ರೈತನೊಬ್ಬನು ತನ್ನ ಹೊಲದ ಪಹಣಿಯನ್ನು ತಾನೇ ಓದಿಕೊಳ್ಳುತ್ತಾನೆ. ಪಂಚಾಯತಿಯ ಸಭೆಯಲ್ಲಿ ಹೆಣ್ಣುಮಗಳೊಬ್ಬಳು ಎದ್ದುನಿಂತು ನೀರಿನ ಲೆಕ್ಕ ಕೇಳುತ್ತಾಳೆ. ನೂರು ವರ್ಷಗಳ ಹಿಂದೆ ಇವೆರಡೂ ಅಸಾಧ್ಯವಾಗಿದ್ದವು. ಅವು ಸಾಧ್ಯವಾಗಲು ಸ್ತವನಿಧಿಯ ಸಂಕಲ್ಪದಂಥ ಅನೇಕ ಸಂಕಲ್ಪಗಳೂ, ಅಣ್ಣಾಸಾಹೇಬರಂಥ ಅನೇಕರ ಬೇಸರವಿಲ್ಲದ ಕಾಗದಪತ್ರದ ದುಡಿಮೆಯೂ ಬೇಕಾದವು.

ಬಸದಿಯನ್ನು ಕಟ್ಟಿದವರಿಗೆ ಅದರ ಲೆಕ್ಕಪತ್ರವನ್ನು ಶುದ್ಧವಾಗಿಡುವುದೂ ಪೂಜೆಯಷ್ಟೇ ಪವಿತ್ರವಾದ ಕಾರ್ಯ. ಊರಿನ ವಿಷಯದಲ್ಲಿಯೂ ಹಾಗೆಯೇ. ಶಾಲೆಯು ಶಾಸ್ತ್ರದಾನ, ದವಾಖಾನೆಯು ಔಷಧದಾನ, ಮಕ್ಕಳ ಬಿಸಿಯೂಟವು ಆಹಾರದಾನ, ನ್ಯಾಯವಾದ ದಫ್ತರವು ಬಡವನಿಗೆ ಅಭಯದಾನ. ಈ ನಾಲ್ಕೂ ನಮ್ಮೆಲ್ಲರ ತೆರಿಗೆಯ ಹಣದಿಂದಲೇ ನಡೆಯುತ್ತವೆ. ಪ್ರತಿಷ್ಠಾ ಮಹೋತ್ಸವಕ್ಕೆ ಬಂದ ಸಾಧರ್ಮಿ ಬಂಧುಗಳು ಹಿಂದಿರುಗಿದ ಬಳಿಕ ತಮ್ಮ ಊರಿನ ಶಾಲೆಯ ಕಡೆಗೂ ಪಂಚಾಯತಿಯ ಕಡೆಗೂ ಒಮ್ಮೆ ಲಕ್ಷ್ಯವಿಟ್ಟರೆ, ಯಾವ ಮಗುವೂ ಬಾಗಿಲ ಹೊರಗೆ ನಿಲ್ಲದಂತೆ ನೋಡಿಕೊಂಡರೆ, ಅಣ್ಣಾಸಾಹೇಬ ಲಠ್ಠೆಯವರ ಸ್ಮರಣೆ ಸಾರ್ಥಕವಾದೀತು. ಸರ್ವರಿಗೂ ಮಂಗಲವಾಗಲಿ.